ಕೊಳವೆಯೊಳಗೆ ಕಟ್ಟಿದ ಸುಣ್ಣ

ಪುಷ್ಯಮಾಸದಲ್ಲಿ ಕೋಟುಮಚಗಿಯ ಬೆಳಗಿನ ಚಳಿಯನ್ನು ಉಂಡವರೇ ಬಲ್ಲರು. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಹೊಲ; ಗಾಳಿಗೆ ಅಡ್ಡವಾಗಿ ನಿಲ್ಲಲು ಕಾಡಿಲ್ಲ. ಅಂತಹ ಹೊತ್ತಿನಲ್ಲಿ ಒಂದು ಹಂಡೆ ಬಿಸಿನೀರಿಗೆ ಇರುವ ಬೆಲೆ ಮತ್ತಾವ ವಸ್ತುವಿಗೂ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಆ ಊರಿನಲ್ಲಿ ನನ್ನ ಸೋದರಮಾವನವರ ಮನೆಯುಂಟು. ಹೋದ ಚಳಿಗಾಲದಲ್ಲಿ ನಾಲ್ಕು ದಿನದ ರಜೆ ಕಳೆಯಲೆಂದು ಹೋಗಿದ್ದಾಗ, ಬೆಳಗಿನ ಐದು ಗಂಟೆಗೇ ಬಚ್ಚಲೊಲೆಯ ಹೊಗೆ ನನ್ನನ್ನು ಎಬ್ಬಿಸಿತು. ಎದ್ದು ನೋಡಿದರೆ ಅತ್ತೆಯವರು ಹತ್ತಿಕಟ್ಟಿಗೆಯನ್ನು ಒಲೆಗೆ ಒಡ್ಡುತ್ತ, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಕುಳಿತಿದ್ದರು. ಮಾಳಿಗೆಯ ಮೇಲೆ ಐದು ವರ್ಷದ ಹಿಂದೆ ಕೂಡಿಸಿದ ಸೌರಜಲತಾಪಕ, ಎಂದರೆ ಜನ ಬರಿದೆ ‘ಸೋಲಾರ್’ ಎನ್ನುವ ಯಂತ್ರ, ಇದ್ದೇ ಇದೆ. ಹಾಗಿದ್ದೂ ಈ ಹೊಗೆಯೇಕೆ?

“ಏ ಮಾಸ್ತರ, ಬಿಸಲು ಹಂಗs ಐತಿ, ಪೆಟಿಗಿ ಹಂಗs ಐತಿ, ನೀರು ಮಾತ್ರ ಕಾಯವಲ್ದು. ನಿನ್ನ ಶಾಸ್ತ್ರ ಇದಕ್ಕೇನಂತೈತಿ?” ಎಂದು ಮಾವ ಕೇಳಿದರು. ರಿಪೇರಿಯವನೊಬ್ಬನು ಬಂದು, ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಹೇಳಿ ಹೋಗಿದ್ದನಂತೆ. ಇನ್ನೊಬ್ಬನು, ಪಾಯಖಾನೆ ತೊಳೆಯುವ ಆಸಿಡ್ಡನ್ನು ಒಂದು ಶೀಸೆ ಸುರಿದುಬಿಡಿ ಎಂದಿದ್ದನಂತೆ. ಮೊದಲನೆಯದಕ್ಕೆ ಹಣವಿರಲಿಲ್ಲ, ಎರಡನೆಯದಕ್ಕೆ, ಪುಣ್ಯವಶಾತ್, ಧೈರ್ಯವಿರಲಿಲ್ಲ.

ಯಂತ್ರದಿಂದ ಬಚ್ಚಲಿಗೆ ಇಳಿಯುವ ನಲ್ಲಿಯ ಬಾಯನ್ನು ಬಿಚ್ಚಿ ನೋಡಿದೆ. ಒಳಗೆ ಬೂದುಬಿಳುಪಿನ ಗಟ್ಟಿ ಹಕ್ಕಳೆ. ಉಗುರಿನಿಂದ ಕೆರೆದರೆ ಬಾರದು. “ಉಪ್ಪು ಕಟ್ಟೈತಿ” ಎಂದರು ಮಾವ. ಊರಿನವರೆಲ್ಲರೂ ಹಾಗೆಯೇ ಹೇಳುವರು. ಆದರೆ ಅದು ಉಪ್ಪಲ್ಲ. ಉಪ್ಪಾಗಿದ್ದರೆ ನೀರಿನಲ್ಲಿ ಕರಗಿ ತಾನೇ ಹೊರಟುಹೋಗುತ್ತಿತ್ತು. ಇಷ್ಟು ರಗಳೆಯೇ ಇರುತ್ತಿರಲಿಲ್ಲ. ಒಂದು ಚೂರಿನ ಮೇಲೆ ಲಿಂಬೆರಸ ಹಿಂಡಿದೆ. ಚುರ್ ಎಂದು ನೊರೆಯೆದ್ದಿತು. ಅದು ಸುಣ್ಣದ ಕಾರ್ಬೊನೇಟ್.

ಈ ಸುಣ್ಣ ಅಲ್ಲಿಗೆ ಬಂದುದೆಲ್ಲಿಂದ? ಮಳೆಯ ನೀರು ಹುಟ್ಟಿನಿಂದ ಮೆದು. ಅದು ನೆಲದೊಳಗೆ ಇಂಗುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಎರೆಮಣ್ಣನ್ನು ಅಗೆದವರು ಅದರಲ್ಲಿ ಗಜ್ಜುಗದಷ್ಟು, ಅಡಕೆಯಷ್ಟು ಗಾತ್ರದ ಬಿಳಿಯ ಸುಣ್ಣದ ಹರಳುಗಳನ್ನು ಕಂಡಿರಬಹುದು. ಹುಳಿಯಾದ ನೀರು ಇಂತಹ ಹರಳುಗಳನ್ನೂ ಬಂಡೆಯೊಳಗಿನ ಸುಣ್ಣದಂಶವನ್ನೂ ನೆಕ್ಕಿ ಕರಗಿಸಿ, ಬೈಕಾರ್ಬೊನೇಟಿನ ರೂಪದಲ್ಲಿ ಹೊತ್ತುಕೊಂಡು ಕೊಳವೆಬಾವಿಗೆ ಬರುತ್ತದೆ. ನೋಡಲು ತಿಳಿಯಾಗಿದೆ, ಆದರೆ ಸಾಬೂನು ನೊರೆಗಟ್ಟದು, ಬೇಳೆ ಬೇಯದು. ಇದೇ ಗಡಸು ನೀರು.

ಈ ನೀರನ್ನು ಕಾಯಿಸಿದೊಡನೆ ಡೈಆಕ್ಸೈಡು ಹಾರಿಹೋಗುತ್ತದೆ. ಸುಣ್ಣವನ್ನು ಕರಗಿಸಿ ಹಿಡಿದುಕೊಂಡಿದ್ದ ಹುಳಿಯೇ ಹೋದಮೇಲೆ ಸುಣ್ಣ ನಿಲ್ಲುವುದೆಂತು? ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆಂಬುದು ನಮ್ಮೆಲ್ಲರ ಅನುಭವ. ಸುಣ್ಣದ ಕಾರ್ಬೊನೇಟಿನ ಗುಣ ಇದಕ್ಕೆ ತಿರುವುಮುರುವು: ನೀರು ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. ಆದುದರಿಂದ ಯಂತ್ರದಲ್ಲಿ ಎಲ್ಲಿ ಕಾವು ಅತಿ ಹೆಚ್ಚೋ ಅಲ್ಲಿಯೇ ಅದು ಮೊಟ್ಟಮೊದಲು ಅಂಟಿಕೊಳ್ಳುತ್ತದೆ. ನಾವು ಯಾವ ಭಾಗವನ್ನು ಚೊಕ್ಕಟವಾಗಿ ಇಡಬೇಕೆಂದು ಹೆಚ್ಚು ಬಯಸುತ್ತೇವೆಯೋ ಅದೇ ಭಾಗ!

ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಗೊತ್ತುಮಾಡಿರುವ ಅಳತೆಯಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರೇ ಇಲ್ಲದ ಕಡೆ 600ರ ತನಕ ಒಪ್ಪಬಹುದು. ನಮ್ಮ ನೀರಿನಲ್ಲಿ ಕಾಯಿಸಿದರೆ ಬೀಳುವ ಸುಣ್ಣ ಲೀಟರಿಗೆ 300 ಮಿಲಿಗ್ರಾಂ ಎಂದು ಹಿಡಿಯೋಣ. ದಿನಕ್ಕೆ 100 ಲೀಟರು ಕಾಯಿಸುವ ಯಂತ್ರದೊಳಕ್ಕೆ ದಿನವೂ 30 ಗ್ರಾಂ, ವರ್ಷಕ್ಕೆ ಸುಮಾರು 11 ಕಿಲೊ ಸುಣ್ಣ ಪ್ರವೇಶ ಮಾಡಿದಂತಾಯಿತು. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಒಳಗೆ ಉಳಿದರೂ ವರ್ಷಕ್ಕೆ ಒಂದು ಕಿಲೊ ಮೀರಿತು.

ಹಾಗಾದರೆ ಹಂಡೆಗೆ ಈ ಕಾಟ ಇರಲಿಲ್ಲವೆ? ಇದ್ದೇ ಇತ್ತು. ಅತ್ತೆಯವರು ಹೇಳಿದ ಒಂದು ಮಾತು ನನ್ನ ಇಡೀ ಪಾಠಕ್ಕಿಂತ ಮೇಲಾಗಿತ್ತು: “ಹಂಡೇದಾಗ ಕೈ ಹಾಕಿ ಹುಣಸಿಹಣ್ಣಿಲೆ ತಿಕ್ಕತಿದ್ವಿ. ಇದರಾಗ ಕೈ ಹೆಂಗ ಹೋಗಬೇಕು?” ದೀಪಾವಳಿಯ ಮೊದಲ ಸಂಜೆಯ ನೀರು ತುಂಬುವ ಹಬ್ಬವನ್ನು ವಾಚಕರು ಬಲ್ಲರು. ಹಂಡೆಯನ್ನು ಒಳಗೂ ಹೊರಗೂ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತಿ ಹೊಸ ನೀರು ತುಂಬುವರು. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಚಳಿಗಾಲದ ಹೊಸ್ತಿಲಲ್ಲಿ, ವರ್ಷಕ್ಕೊಮ್ಮೆ ತಪ್ಪದೆ, ನೀರು ಕಾಯಿಸುವ ಪಾತ್ರೆಯನ್ನು ಆಮ್ಲದಿಂದ ತೊಳೆಯುವ ಏರ್ಪಾಡು ನಮ್ಮ ಪಂಚಾಂಗದೊಳಗೇ ಇದೆ. ಹಂಡೆಯ ಜಾಗಕ್ಕೆ ಸೋಲಾರ್ ಬಂದಾಗ ಪೂಜೆ ಹಂಡೆಗೇ ಉಳಿಯಿತು. ತಿಕ್ಕುವ ಕೆಲಸ ಮಾತ್ರ ನಿಂತುಹೋಯಿತು.

ಸುಣ್ಣ ಕಟ್ಟಿದರೆ ನೀರೇಕೆ ಕಾಯದು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ, “ಸುಣ್ಣ ಉಷ್ಣದ ಅವಾಹಕ, ಶಾಖವನ್ನು ತಡೆಯುತ್ತದೆ” ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸರಿ, ಆದರೆ ಈ ಯಂತ್ರಕ್ಕೆ ಹೊಂದುವ ಉತ್ತರವಲ್ಲ. ತಾಮ್ರಕ್ಕೆ ಹೋಲಿಸಿದರೆ ಸುಣ್ಣದ ಪದರು ನೂರಾರು ಪಾಲು ಕೆಟ್ಟ ವಾಹಕವೆಂಬುದು ನಿಜ. ವಿದ್ಯುತ್ ಗೀಸರಿನಲ್ಲಿ ಕಾಯುವ ಸರಳಿನ ಒಂದೊಂದು ಚದರ ಸೆಂಟಿಮೀಟರಿನಿಂದಲೂ ಸುಮಾರು 10 ವ್ಯಾಟ್ ಹೊರಬರಬೇಕಾಗುತ್ತದೆ. ಅದರ ಮೇಲೆ ಒಂದೇ ಮಿಲಿಮೀಟರ್ ಸುಣ್ಣ ಕೂತರೂ ಅಷ್ಟು ಶಾಖವನ್ನು ದಾಟಿಸಲು ಸರಳು ಮೊದಲಿಗಿಂತ ಐವತ್ತು ಅರುವತ್ತು ಡಿಗ್ರಿ ಹೆಚ್ಚು ಕಾಯಬೇಕು. ಅಲ್ಲಿಯೂ ಒಂದು ತಪ್ಪು ಗ್ರಹಿಕೆ ಉಂಟು: ಸುಣ್ಣದಿಂದ ಕರೆಂಟು ಪೋಲಾಗುತ್ತದೆ ಎನ್ನುವರು. ಸರಳು ನೀರಿನೊಳಗೇ ಮುಳುಗಿರುವಾಗ ಅದರ ಶಾಖ ಬೇರೆಲ್ಲಿಗೆ ಹೋದೀತು? ಕೊನೆಗೆ ನೀರಿಗೇ ಸೇರಬೇಕು. ಅಲ್ಲಿ ಹಾಳಾಗುವುದು ಕರೆಂಟಲ್ಲ, ಸರಳು; ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ.

ಸೋಲಾರಿನ ಮಾತೇ ಬೇರೆ. ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚೆಂದರೆ 1000 ವ್ಯಾಟ್ ಕೊಡುತ್ತದೆ. ಇಷ್ಟು ಮೆತ್ತಗಿನ ಶಾಖವನ್ನು ದಾಟಿಸಲು ಒಂದು ಮಿಲಿಮೀಟರ್ ಸುಣ್ಣ ಒಡ್ಡುವ ಅಡ್ಡಿ ಒಂದೆರಡು ಡಿಗ್ರಿಯಷ್ಟೇ. ಇಲ್ಲಿ ಕೆಡುವುದು ಶಾಖದ ದಾರಿಯಲ್ಲ, ನೀರಿನ ದಾರಿ.

ಮಾವನ ಮನೆಯ ಯಂತ್ರ ಚಪ್ಪಟೆ ಪೆಟ್ಟಿಗೆಯ ಬಗೆಯದು. ಎರಡು ಚದರ ಮೀಟರಿನಷ್ಟು ಗಾಜಿನ ಕೆಳಗೆ ಕಪ್ಪು ತಗಡು. ತಗಡಿಗೆ ಬೆಸೆದ ಅರ್ಧ ಅಂಗುಲ ದಪ್ಪದ ಒಂಬತ್ತು ತಾಮ್ರದ ಕೊಳವೆಗಳು. ಅವುಗಳ ಮೇಲ್ತುದಿಗಳನ್ನೂ ಕೆಳತುದಿಗಳನ್ನೂ ಜೋಡಿಸುವ ಎರಡು ಅಡ್ಡಕೊಳವೆಗಳು. ಇವೆಲ್ಲಕ್ಕಿಂತ ಎತ್ತರದಲ್ಲಿ ನೀರಿನ ಟ್ಯಾಂಕು. ಪಂಪು ಇಲ್ಲ. ಕೊಳವೆಯಲ್ಲಿ ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ. ತಣ್ಣೀರು ಭಾರವಾಗಿ ಕೆಳಗಿಳಿದು ಅದರ ಜಾಗವನ್ನು ತುಂಬುತ್ತದೆ. ಹೀಗೆ ಹಗಲೆಲ್ಲ ನೀರು ತಾನೇ ಸುತ್ತುತ್ತಿರುತ್ತದೆ. ನೋಡಲು ಸೊಗಸಾದ ಏರ್ಪಾಡು. ಆದರೆ ಇದನ್ನು ನೂಕುವ ಬಲವೆಷ್ಟು?

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ನೀರಿನ ತೂಕ 998 ಕಿಲೊ; 60 ಡಿಗ್ರಿಯಲ್ಲಿ 983 ಕಿಲೊ. ವ್ಯತ್ಯಾಸ 15 ಕಿಲೊ. ಒಂದು ಮೀಟರ್ ಎತ್ತರದ ತಣ್ಣೀರಿನ ಕಂಬವೂ ಅಷ್ಟೇ ಎತ್ತರದ ಬಿಸಿನೀರಿನ ಕಂಬವೂ ಎದುರುಬದುರು ನಿಂತರೆ, ಅವುಗಳ ಒತ್ತಡದ ಅಂತರ 15 ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಇಷ್ಟೇ! ಎಳನೀರಿಗೆ ಕೊಳವೆ ಇಟ್ಟು ಒಂದು ಗೇಣು ಮೇಲಕ್ಕೆ ಹೀರುವ ಮಗು ಇದರ ಹತ್ತು ಪಾಲಿಗಿಂತ ಹೆಚ್ಚು ಬಲವನ್ನು ಹಾಕುತ್ತದೆ. ಮಾಳಿಗೆಯ ಮೇಲಿನ ಇಡೀ ಯಂತ್ರ ನಡೆಯುವುದು ಈ ಬಡಬಲದಿಂದ.

ಇದರ ಜೊತೆಗೆ ಫ್ರಾನ್ಸಿನ ವೈದ್ಯ ಪ್ವಾಸೇಯ್ 19ನೆಯ ಶತಮಾನದಲ್ಲಿ ಕಂಡುಹಿಡಿದ ನಿಯಮವನ್ನು ಇಡಬೇಕು. ನರಗಳಲ್ಲಿ ರಕ್ತ ಹರಿಯುವ ಬಗೆಯನ್ನು ತಿಳಿಯಲು ಹೊರಟು, ಸಪುರ ಕೊಳವೆಯಲ್ಲಿ ಮೆಲ್ಲನೆ ಹರಿಯುವ ದ್ರವದ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂದು ಆತ ತೋರಿಸಿದನು. ನಮ್ಮ ಕೊಳವೆಯ ಒಳತ್ರಿಜ್ಯ 5.5 ಮಿಲಿಮೀಟರ್ ಎನ್ನೋಣ. ಒಂದು ಮಿಲಿಮೀಟರ್ ಸುಣ್ಣ ಕೂತರೆ ಅದೇ ಒತ್ತಡಕ್ಕೆ ಹರಿವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡು ಮಿಲಿಮೀಟರ್ ಕೂತರೆ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಹರಿವು ನಿಧಾನವಾದಷ್ಟೂ ಕೊಳವೆಯಲ್ಲಿ ನಿಂತ ನೀರು ಹೆಚ್ಚು ಕಾಯುತ್ತದೆ. ಹೆಚ್ಚು ಕಾದಷ್ಟೂ ಹೆಚ್ಚು ಸುಣ್ಣ ಕಕ್ಕುತ್ತದೆ. ಸುಣ್ಣ ಹೆಚ್ಚಿದಷ್ಟೂ ಹರಿವು ಮತ್ತೂ ನಿಧಾನ. ಅತ್ತ ಪೆಟ್ಟಿಗೆ ಸುಡುತ್ತಿರುತ್ತದೆ, ತನ್ನ ಶಾಖವನ್ನು ಗಾಳಿಗೆ ಚೆಲ್ಲುತ್ತಿರುತ್ತದೆ. ಇತ್ತ ಟ್ಯಾಂಕಿನ ನೀರು ಉಗುರುಬೆಚ್ಚಗೆ. ಮಾವನ ಪ್ರಶ್ನೆಗೆ ಉತ್ತರ ಇದು.

ಮನೆಯಲ್ಲಿಯೇ ಪರೀಕ್ಷಿಸುವ ಬಗೆಯೂ ಉಂಟು. ನಡುಹಗಲಿನಲ್ಲಿ, ದಪ್ಪ ಬಟ್ಟೆ ಹಿಡಿದು ಎಚ್ಚರದಿಂದ, ಪೆಟ್ಟಿಗೆಗೆ ನೀರು ಹೋಗುವ ಕೆಳಗಿನ ಕೊಳವೆಯನ್ನೂ ಹೊರಬರುವ ಮೇಲಿನ ಕೊಳವೆಯನ್ನೂ ಮುಟ್ಟಿ ನೋಡಿರಿ. ಸುಸ್ಥಿತಿಯ ಯಂತ್ರದಲ್ಲಿ ಎರಡರ ಬಿಸಿಯ ಅಂತರ ಸಾಧಾರಣ. ಮೇಲಿನದು ಸುಡುತ್ತಿದ್ದು ಟ್ಯಾಂಕಿನ ನೀರು ಮಾತ್ರ ತಣ್ಣಗಿದ್ದರೆ ಹರಿವು ಕುಂಠಿತವಾಗಿದೆ. ಒಳ್ಳೆಯ ಬಿಸಿಲಿದ್ದೂ ಮೇಲಿನ ಕೊಳವೆಯೇ ತಣ್ಣಗಿದ್ದರೆ ಹರಿವು ನಿಂತೇಹೋಗಿದೆ. ಕಾರಣ ಸುಣ್ಣವಾದರೂ ಆಗಿರಬಹುದು, ನಡುವೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಯಾದರೂ ಆಗಿರಬಹುದು.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನೆಲಸಿರುವ ನನ್ನ ಸಹಪಾಠಿಯೊಬ್ಬರಿಗೆ ಈ ಕಥೆಯನ್ನು ಬರೆದಾಗ, ಅವರು ತಮ್ಮ ಮನೆಯ ಕಥೆಯನ್ನು ಬರೆದು ಕಳಿಸಿದರು. ಆ ಚಳಿನಾಡುಗಳಲ್ಲಿ ಮೈತೊಳೆಯುವ ನೀರಷ್ಟೇ ಅಲ್ಲ, ಮನೆಯನ್ನೇ ಕಾಯಿಸಬೇಕು. ಮೂಲೆಯಲ್ಲಿ ಒಂದು ಬಾಯ್ಲರ್. ಅದರಿಂದ ಕೋಣೆಕೋಣೆಗೂ ಕೊಳವೆ. ಪ್ರತಿ ಕೋಣೆಯ ಗೋಡೆಯ ಬಳಿ ರೇಡಿಯೇಟರ್ ಎಂಬ ಉಕ್ಕಿನ ಚಪ್ಪಟೆ ಪಾತ್ರೆ. ಬಿಸಿನೀರು ಪಂಪಿನ ಬಲದಿಂದ ಇವೆಲ್ಲವನ್ನೂ ಸುತ್ತಿ ಬಾಯ್ಲರಿಗೆ ಮರಳುತ್ತದೆ. ಅವರ ಮನೆಯ ರೇಡಿಯೇಟರುಗಳು ಮೇಲ್ಗಡೆ ಬಿಸಿ, ಕೆಳಗಡೆ ತಣ್ಣಗೆ ಆಗಿದ್ದುವಂತೆ. ತೊಳೆಸಿದಾಗ ಹೊರಬಂದುದು ಮಸಿಯಂತಹ ಕಪ್ಪು ಕೆಸರು!

ಅಲ್ಲಿ ಬಿಳಿಯ ಸುಣ್ಣವೇಕಿಲ್ಲ, ಇಲ್ಲಿ ಕಪ್ಪು ಕೆಸರೇಕಿಲ್ಲ? ಎರಡರ ಗುಟ್ಟೂ ಒಂದೇ ಪ್ರಶ್ನೆಯಲ್ಲಿದೆ: ಒಳಗಿನ ನೀರು ಹಳೆಯದೋ, ದಿನದಿನವೂ ಹೊಸದೋ? ಲೀಡ್ಸಿನ ಮನೆಯಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತದೆ. ಅದರಲ್ಲಿದ್ದ ಸುಣ್ಣ ಮೊದಲ ಕಾವಿಗೇ ಬಿದ್ದು ತೀರಿತು, ಮತ್ತೆ ತರುವವರಿಲ್ಲ. ಆದರೆ ಉಕ್ಕು ಸದಾ ನೀರಿನೊಳಗಿರುತ್ತದೆ. ಅಲ್ಲಿಷ್ಟು ಇಲ್ಲಿಷ್ಟು ಆಮ್ಲಜನಕ ಒಳನುಸುಳುತ್ತದೆ. ಆಮ್ಲಜನಕ ಸಾಲದಾದಲ್ಲಿ ಕಬ್ಬಿಣ ಕೆಂಪು ತುಕ್ಕಾಗದೆ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡಾಗುತ್ತದೆ. ಹೆಸರೇ ಹೇಳುವಂತೆ ಅದನ್ನು ಅಯಸ್ಕಾಂತ ಸೆಳೆಯುತ್ತದೆ. ಅದಕ್ಕೆಂದೇ ಅಲ್ಲಿಯವರು ಕೊಳವೆಗೆ ಅಯಸ್ಕಾಂತದ ಜಾಲರಿಯನ್ನು ಜೋಡಿಸುವುದೂ ಉಂಟು. ಭಾರವಾದ ಈ ಕೆಸರು ತಳದಲ್ಲಿ ಕೂತುದರಿಂದ ರೇಡಿಯೇಟರು ಕೆಳಗೆ ತಣ್ಣಗಾಯಿತು. (ಮೇಲ್ಗಡೆ ತಣ್ಣಗಿದ್ದರೆ ಅದು ಕೆಸರಲ್ಲ, ಒಳಗೆ ಸೇರಿದ ಗಾಳಿ.) ನೀರನ್ನು ರಭಸದಿಂದ ಹಿಂದಕ್ಕೂ ಮುಂದಕ್ಕೂ ನುಗ್ಗಿಸಿ, ತಿಳಿನೀರು ಬರುವ ತನಕ ತೊಳೆದು, ತುಕ್ಕನ್ನು ತಡೆಯುವ ರಾಸಾಯನಿಕವನ್ನು ಬೆರಸಿ ಮುಚ್ಚಿಬಿಡುವರು. ಆಮೇಲೆ ಆ ನೀರನ್ನು ಮುಟ್ಟದಿದ್ದಷ್ಟೂ ಒಳ್ಳೆಯದು. ಪದೇ ಪದೇ ಹೊಸ ನೀರು ತುಂಬಿದರೆ ಹೊಸ ಆಮ್ಲಜನಕವನ್ನೂ ಹೊಸ ಸುಣ್ಣವನ್ನೂ ಕೈಯಾರ ಕರೆತಂದಂತೆ.

ನಮ್ಮ ಮಾಳಿಗೆಯ ಯಂತ್ರದಲ್ಲಾದರೋ ಮಿಂದಷ್ಟು ನೀರು ಹೊರಗೆ, ಅಷ್ಟೇ ಹೊಸ ನೀರು ಒಳಗೆ. ಇಲ್ಲಿ ತೊಳೆಯದೆ ಗತಿಯಿಲ್ಲ.

ಇವೆರಡನ್ನೂ ಬೆಸೆದ ಒಂದು ಉಪಾಯ ನೂರು ವರ್ಷಕ್ಕೂ ಹಿಂದಿನದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಬೈಲಿ ಎಂಬವನು 1909ರಲ್ಲಿ, ಪೆಟ್ಟಿಗೆ ಬೇರೆ ಟ್ಯಾಂಕು ಬೇರೆ ಇರುವ ಸೌರಯಂತ್ರವನ್ನು ಮಾರಲು ತೊಡಗಿದನು. ರಾತ್ರಿಯೂ ನೀರು ಬಿಸಿಯಾಗಿರುವುದೆಂದು ಅದಕ್ಕೆ ‘ಹಗಲು ಇರುಳು’ ಎಂಬರ್ಥದ ಹೆಸರಿಟ್ಟನು. 1913ರ ಚಳಿಗಾಲದಲ್ಲಿ ಅಲ್ಲಿ ಎಂದಿಲ್ಲದ ಹಿಮ ಬಿದ್ದು, ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆಗಳು ಒಡೆದುವು. ಆಗ ಬೈಲಿ ಪೆಟ್ಟಿಗೆಯ ಕೊಳವೆಗಳಲ್ಲಿ ಆಲ್ಕೊಹಾಲು ಬೆರಸಿದ ನೀರನ್ನು ತುಂಬಿ ಮುಚ್ಚಿ, ಅದು ಟ್ಯಾಂಕಿನೊಳಗಿನ ಸುರುಳಿಯ ಮೂಲಕ ಸುತ್ತುವಂತೆ ಮಾಡಿದನು. ಮೀಯುವ ನೀರಿಗೂ ಕೊಳವೆಯ ನೀರಿಗೂ ಸಂಪರ್ಕವೇ ಇಲ್ಲ. ಶಾಖ ಮಾತ್ರ ದಾಟುತ್ತದೆ. ಹಿಮಕ್ಕೆಂದು ಹೂಡಿದ ಈ ಉಪಾಯ ಹಿಮವೇ ಬೀಳದ ನಮ್ಮ ಬಯಲುಸೀಮೆಗೆ ಸುಣ್ಣದ ಕಾರಣದಿಂದ ಒದಗಿಬಂದಿದೆ. ಗಡಸು ನೀರಿನ ಊರುಗಳಿಗೆ ಇಂತಹ ಮುಚ್ಚಿದ ಸುತ್ತಿನ ಯಂತ್ರಗಳನ್ನೇ ಕೊಳ್ಳಬೇಕು. ಬೆಲೆ ತುಸು ಹೆಚ್ಚು. ಅಲ್ಲಿಯೂ ಸುಣ್ಣ ಬೀಳುತ್ತದೆ, ಆದರೆ ಸಪುರ ಕೊಳವೆಯಲ್ಲಲ್ಲ, ವಿಶಾಲವಾದ ಟ್ಯಾಂಕಿನಲ್ಲಿ. ಮಾವನಿಗೆ ಕೊಳ್ಳುವಾಗ ಇದನ್ನು ಹೇಳುವವರಿರಲಿಲ್ಲ. ನಾನೂ ಹೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ತೊಳೆದ ಕಥೆ. ಕೆಲಸ ಬಲ್ಲ ಒಬ್ಬರನ್ನು ಗದಗಿನಿಂದ ಕರೆತಂದೆ. ಹಿಂದಿನ ಸಂಜೆಯೇ ಪೆಟ್ಟಿಗೆಯ ಮೇಲೆ ತಾಡಪತ್ರಿ ಹೊದಿಸಿ, ತಣ್ಣೀರಿನ ನಲ್ಲಿ ಮುಚ್ಚಿ, ಟ್ಯಾಂಕನ್ನು ಬರಿದುಮಾಡಿದೆವು. ತಳದಿಂದ ಬಿಳಿ ರಾಡಿ ಬಕೆಟ್ಟುಗಟ್ಟಲೆ ಬಂತು. (ಈ ರಾಡಿಯನ್ನು ಎರಡು ಮೂರು ತಿಂಗಳಿಗೊಮ್ಮೆ ತಳದ ನಲ್ಲಿ ಬಿಚ್ಚಿ ಹರಿಯಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ, ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ.) ಟ್ಯಾಂಕಿನ ನೆತ್ತಿಯ ಗಾಳಿಕೊಳವೆ ತೆರೆದಿದೆಯೆ ಎಂದು ಮೊದಲೇ ನೋಡಿಕೊಂಡಿದ್ದೆವು. ಅದು ಕಟ್ಟಿಕೊಂಡಿದ್ದರೆ ನೀರು ಇಳಿಯುವಾಗ ಒಳಗೆ ನಿರ್ವಾತವಾಗಿ, ಹೊರಗಿನ ವಾಯುಭಾರಕ್ಕೆ ಟ್ಯಾಂಕು ನಜ್ಜುಗುಜ್ಜಾಗುವುದುಂಟು.

ಆಮೇಲೆ ಪೆಟ್ಟಿಗೆಯನ್ನು ಟ್ಯಾಂಕಿನಿಂದ ಬಿಡಿಸಿ, ಸಣ್ಣ ಪಂಪಿನಿಂದ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಹರಿಸಿದೆವು. ಪಾಯಖಾನೆಯ ಆಸಿಡ್ಡು ಹೈಡ್ರೊಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ತಿನ್ನುವಷ್ಟೇ ಹುರುಪಿನಿಂದ ಸತುವು ಬಳಿದ ಕಬ್ಬಿಣವನ್ನೂ ತಿನ್ನುತ್ತದೆ, ತುಕ್ಕು ಹಿಡಿಯದೆಂದು ಹೆಸರಾದ ಸ್ಟೀಲಿಗೂ ಸೂಜಿಮೊನೆಯಂತಹ ತೂತು ಕೊರೆಯುತ್ತದೆ. ಒಂಬತ್ತು ಕೊಳವೆಗಳಲ್ಲಿ ಒಂದು ಮಿಲಿಮೀಟರ್ ದಪ್ಪದ ಪದರಿದ್ದರೆ ಒಟ್ಟು ಸುಣ್ಣ ಸುಮಾರು ಒಂದು ಕಿಲೊ ಆಗುತ್ತದೆ. ಒಂದು ಕಿಲೊ ಸುಣ್ಣದ ಕಾರ್ಬೊನೇಟು ಆಮ್ಲದಲ್ಲಿ ಕರಗುವಾಗ 440 ಗ್ರಾಂ, ಎಂದರೆ 240 ಲೀಟರಿನಷ್ಟು, ಇಂಗಾಲದ ಡೈಆಕ್ಸೈಡನ್ನು ಹೊರಗೆಡವುತ್ತದೆ. ಹಾಗೆಂದಮೇಲೆ ಶೀಸೆಯ ಆಮ್ಲ ಸುರಿದು ನಲ್ಲಿಗಳನ್ನು ಭದ್ರವಾಗಿ ಮುಚ್ಚಿ ‘ನೆನೆಯಲಿ’ ಎಂದು ಬಿಟ್ಟುಬಿಟ್ಟರೆ ಏನಾದೀತೆಂಬುದನ್ನು ವಿದ್ಯಾರ್ಥಿಗಳೇ ಊಹಿಸಲಿ. ಮೇಲಿನ ಬಾಯಿ ಸದಾ ತೆರೆದಿರಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒಬ್ಬರೇ ಮಾಡುವ ಕೆಲಸವಲ್ಲ. ನೊರೆ ನಿಂತಿತೆಂದರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೆ ಆಮ್ಲ ಮುಗಿದಿದೆ. ಯಾವುದೆಂದು ತಿಳಿಯಲು ಬಕೆಟ್ಟಿನ ದ್ರಾವಣಕ್ಕೆ ಹೊಸ ಸುಣ್ಣದ ಚೂರೊಂದನ್ನು ಹಾಕಬೇಕು: ನೊರೆಯೆದ್ದರೆ ಆಮ್ಲವಿನ್ನೂ ಇದೆ. ದ್ರಾವಣ ನೀಲಿಗೆ ತಿರುಗಿದರೆ ತಾಮ್ರವೇ ಕರಗತೊಡಗಿದೆಯೆಂದು ತಿಳಿದು ಕೂಡಲೆ ನಿಲ್ಲಿಸಬೇಕು. ಕೊನೆಗೆ ಅಡಿಗೆ ಸೋಡ ಬೆರಸಿದ ನೀರು, ಆಮೇಲೆ ಮೂರು ಸಲ ಬರಿಯ ನೀರು.

ಮತ್ತೆ ತುಂಬುವುದು ಬಿಸಿಲಿಳಿದ ಮೇಲೆಯೇ. ಈ ಪಾಠಕ್ಕೆ ನಾನು ಹಣ ತೆತ್ತಿದ್ದೇನೆ. ನನ್ನ ಮನೆಯಲ್ಲಿರುವುದು ನಿರ್ವಾತದ ಗಾಜಿನ ಕೊಳವೆಗಳ ಯಂತ್ರ. ಒಮ್ಮೆ ಅದನ್ನು ತೊಳೆದು, ಬರಿದಾದ ಕೊಳವೆಗಳನ್ನು ಬಿಸಿಲಿಗೇ ಬಿಟ್ಟು ಊಟಕ್ಕೆ ಹೋದೆ. ನೀರಿಲ್ಲದಾಗ ಅವುಗಳ ಒಳಗೋಡೆ 200 ಡಿಗ್ರಿಯನ್ನೂ ದಾಟಿ ಕಾಯುತ್ತದೆ. ಊಟ ಮುಗಿಸಿ ಬಂದು ತಣ್ಣೀರು ಬಿಟ್ಟೆ. ಮೂರು ಕೊಳವೆಗಳು ಪಟಪಟನೆ ಸೀಳಿದುವು. ಉಷ್ಣದಿಂದ ವಸ್ತುಗಳು ಹಿಗ್ಗುವ ಪ್ರಕರಣವನ್ನು ಅದೇ ವಾರ ತರಗತಿಯಲ್ಲಿ ಮುಗಿಸಿದ್ದೆ! ಸುದ್ದಿ ವಿದ್ಯಾರ್ಥಿಗಳಿಗೆ ತಲುಪದಂತೆ ಇಷ್ಟು ದಿನ ಕಾಪಾಡಿಕೊಂಡಿದ್ದೆನು.

ಮಾವನ ಮನೆಯ ನೀರು ಮರುದಿನ ಸಂಜೆಗೆ ಕೈಯಿಡಲಾಗದಷ್ಟು ಕಾಯಿತು. 100 ಲೀಟರನ್ನು 35 ಡಿಗ್ರಿ ಏರಿಸಲು ಬೇಕಾಗುವ ಶಾಖ ನಾಲ್ಕು ಯೂನಿಟ್ ವಿದ್ಯುತ್ತಿಗೆ ಸಮ. ಕಟ್ಟಿಗೆಯ ಶಾಖದಲ್ಲಿ ಐದನೆಯ ಒಂದು ಪಾಲು ಮಾತ್ರ ಹಂಡೆಗೆ ಸೇರುತ್ತದೆಂದು ಹಿಡಿದರೆ, ಅಷ್ಟೇ ನೀರಿಗೆ ಅತ್ತೆಯವರು ಐದು ಕಿಲೊ ಕಟ್ಟಿಗೆಯನ್ನು ಉರಿಸಬೇಕಾಗಿತ್ತು. ಮರುದಿನ ಬೆಳಗ್ಗೆ ಒಲೆ ಹೊತ್ತಲಿಲ್ಲ.

ಆದರೆ ಕೆಲಸ ಪೂರ್ತಿಯಾಗಿಲ್ಲ. ಪೆಟ್ಟಿಗೆಯ ಗಾಜು ತೆಗೆದು, ಬಿಸಿಲಿನಲ್ಲಿಯೇ ತಣ್ಣೀರು ಹರಿಸುತ್ತ ಒಂದೊಂದೇ ಕೊಳವೆಯನ್ನು ಮುಟ್ಟಿ ನೋಡಿದಾಗ ಎಂಟು ತಣ್ಣಗಿದ್ದುವು. ಎಡಗಡೆಯ ಕೊನೆಯದು ಮಾತ್ರ ಸುಡುತ್ತಿತ್ತು. ಅದು ಪೂರ್ಣವಾಗಿ ಮುಚ್ಚಿಹೋಗಿದೆ. ಅಕ್ಕಪಕ್ಕದಲ್ಲಿ ತೆರೆದ ಎಂಟು ದಾರಿಗಳಿರುವಾಗ ದ್ರಾವಣವು ಮುಚ್ಚಿದ ಒಂಬತ್ತನೆಯದಕ್ಕೆ ನುಗ್ಗಲೊಲ್ಲದು. ಎಷ್ಟು ಹೊತ್ತು ಪಂಪು ನಡೆಸಿದರೂ ಆಮ್ಲ ಅಲ್ಲಿಗೆ ತಲುಪುವಂತಿಲ್ಲ. ಅಡ್ಡಕೊಳವೆಯನ್ನು ಕೊಯ್ದು, ಕಂಬಿಯಿಂದ ಕೊರೆದು, ಮತ್ತೆ ಬೆಸೆಯಬೇಕು. ಈ ಸಲದ ನೀರು ತುಂಬುವ ಹಬ್ಬದ ಹಿಂದಿನ ರವಿವಾರ ಅದಕ್ಕೆಂದು ಗೊತ್ತಾಗಿದೆ.